ನಿಮ್ಮ ಪ್ಲೇಯರ್‌ನಲ್ಲಿ ಜಾಸ್ತಿಯಾದದ್ದು ವಾಲ್ಯೂಮ್ ಮಾತ್ರ

ಗ್ರಾಹಕ ಸೇವೆಯವರಿಗೆ,

ವಿಷಯ: ಮ್ಯೂಸಿಕ್ ಪ್ಲೇಯರ್ ಚಂದಾ ಹಣ ವಾಪಸ್ ಕೊಡುವ ಬಗ್ಗೆ

ನಮಸ್ಕಾರ. ನಿಮ್ಮ ಪ್ಲೇಯರ್‌ಗೆ ವರ್ಷದ ಚಂದಾ 4,999 ರೂಪಾಯಿ ಕಟ್ಟಿದ್ದೇನೆ. ಒಳ್ಳೆಯ ಹೆಡ್‌ಫೋನ್ ಇದ್ದವರಿಗೆ ಮೊದಲ ಹಾಡಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ ಅಂತ ನಿಮ್ಮ ಜಾಹೀರಾತು. ಗೊತ್ತಾಯಿತು ಮಾರಾಯ್ರೆ, ಸೌಂಡ್ ಸ್ವಲ್ಪ ಜೋರಾಗಿತ್ತು.

ಸೆಟ್ಟಿಂಗ್ಸ್ ಒಳಗೆ ಹುಡುಕಿದರೆ 'ಸ್ಟುಡಿಯೋ ಮೋಡ್' ಅಂತ ಒಂದು ಉಂಟು. ಇನ್‌ಸ್ಟಾಲ್ ಆದಾಗಲೇ ಆನ್ ಆಗಿರುತ್ತದೆ. ಅದು ವಾಲ್ಯೂಮನ್ನು ಸುಮಾರು ಒಂದು ಡೆಸಿಬೆಲ್ ಏರಿಸುತ್ತದೆ, ಟ್ರೆಬಲನ್ನೂ ಸ್ವಲ್ಪ ಎತ್ತುತ್ತದೆ. ಒಂದೇ ಹಾಡನ್ನು ಎರಡು ಸಲ ಕೇಳಿಸಿದರೆ ಚೂರು ಜೋರಾಗಿರುವುದೇ ಕಿವಿಗೆ ಚಂದ, ಇದು ನಿಮಗೂ ಗೊತ್ತಿರುವ ವಿಷಯ ಅಲ್ವಾ?

ಆ ಮೋಡ್ ಆಫ್ ಮಾಡಿ, ಪುಕ್ಕಟೆ ಸಿಗುವ ಫೂಬಾರ್ 2000 ಅನ್ನುವ ಪ್ಲೇಯರ್ ಜೊತೆ, ಎರಡರ ವಾಲ್ಯೂಮ್ ಸಮ ಮಾಡಿ ಹೋಲಿಸಿದೆ. ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನಿನಲ್ಲಿ, ಅದೂ ಮಳೆ ಬಿಟ್ಟ ಹೊತ್ತು ನೋಡಿ, ಯಾಕೆಂದರೆ ಮಂಗಳೂರಿನ ಜುಲೈಯಲ್ಲಿ ಹಂಚಿನ ಮನೆಯೊಳಗೆ ಹೊರಗಿನ ಸದ್ದು ತಡೆಯದ ಇಂಥ ಓಪನ್ ಬ್ಯಾಕ್ ಹೆಡ್‌ಫೋನ್ ಹಾಕಿ ಕೂತರೆ ಕೇಳುವುದು ಮಳೆ ಮಾತ್ರ. ಫೈಲ್ ನಾವೇ ರೆಕಾರ್ಡ್ ಮಾಡಿದ ತೆಂಕುತಿಟ್ಟಿನ ಯಕ್ಷಗಾನ ಆಟದ್ದು, 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನ ಫ್ಲ್ಯಾಕ್, ಅಂದರೆ ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲ್. ಚೆಂಡೆ ಪೆಟ್ಟು, ಚಕ್ರತಾಳ, ಭಾಗವತರ ಸ್ವರ, ಎಲ್ಲಿಯೂ ವ್ಯತ್ಯಾಸ ಇಲ್ಲ. ಯಾವುದು ಯಾವ ಪ್ಲೇಯರ್ ಅಂತ ಗೊತ್ತಿಲ್ಲದ ಹಾಗೆ ಹಾಕಿಸಿ ಕೇಳಿದಾಗ ನಾನೂ ಗೆಳೆಯನೂ ಸುಮ್ನೆ ಊಹೆ ಹೊಡೆದದ್ದು. ಆಮೇಲೆ ಎರಡರ ಡಿಜಿಟಲ್ ಔಟ್‌ಪುಟ್ ರೆಕಾರ್ಡ್ ಮಾಡಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದೆ, ಎರಡೂ ಒಂದೇ ಆದರೆ ಉಳಿಯುವುದು ಸೊನ್ನೆ. ಪೂರ್ತಿ ಸೊನ್ನೆ! ಡಿಜಿಟಲನ್ನು ಸೌಂಡ್ ಸಿಗ್ನಲ್ ಮಾಡುವ ಡ್ಯಾಕ್‌ಗೆ ಹೋಗುವ ಬಿಟ್‌ಗಳೇ ಒಂದೇ ಆದ ಮೇಲೆ ಹೆಡ್‌ಫೋನ್ ಎಷ್ಟು ದುಬಾರಿಯಾದರೆ ಎಂತ?

ಸಾಫ್ಟ್‌ವೇರಿನಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಎಲ್ಲ ಆ್ಯಪ್‌ಗಳ ಸೌಂಡ್ ಕೂಡಿಸುವ ವಿಂಡೋಸ್ ಮಿಕ್ಸರ್ 48 ಕಿಲೋಹರ್ಟ್ಸ್‌ಗೆ ಸೆಟ್ ಆಗಿದ್ದರೆ 44.1ರ ಫೈಲನ್ನು ಬದಲಾಯಿಸಿಯೇ ಕಳಿಸುತ್ತದೆ, ಮಿಕ್ಸರನ್ನು ದಾಟಿ ನೇರ ಕಳಿಸುವ ವಾಸಾಪಿ ಎಕ್ಸ್‌ಕ್ಲೂಸಿವ್ ಮೋಡ್ ಅದನ್ನು ತಪ್ಪಿಸುತ್ತದೆ. ಆದರೆ ಆ ಮೋಡ್ ಕೊಟ್ಟದ್ದು ವಿಂಡೋಸ್, ನೀವಲ್ಲ, ಫೂಬಾರ್‌ನಲ್ಲಿಯೂ ಅದು ಪುಕ್ಕಟೆ. ಈಕ್ವಲೈಸರ್‌ನಿಂದ ಸೌಂಡ್ ನಿಜವಾಗಿಯೂ ಬದಲಾಗುತ್ತದೆ, ಅದಕ್ಕೂ ದುಡ್ಡು ಬೇಡ.

ಇದನ್ನೆಲ್ಲ ಬರೆದು ಕಳಿಸಿದರೆ ನಿಮ್ಮವರ ಉತ್ತರ: ಕೇಬಲ್ ಬದಲಿಸಿ ನೋಡಿ. ಬೇಡ. ಕಟ್ಟಿದ ಹಣವನ್ನು ಅದೇ ಖಾತೆಗೆ 15 ದಿನದೊಳಗೆ ವಾಪಸ್ ಹಾಕಿ, ಆಟೋ ರಿನ್ಯೂವಲ್ ನಿಲ್ಲಿಸಿ. ಸ್ಟುಡಿಯೋ ಮೋಡ್ ವಾಲ್ಯೂಮ್ ಏರಿಸುತ್ತದೆ ಅಂತ ಜಾಹೀರಾತಿನಲ್ಲೇ ಬರೆಯಿರಿ. ಇಲ್ಲದಿದ್ದರೆ ಆ ಎರಡೂ ರೆಕಾರ್ಡಿಂಗ್ ಸಮೇತ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಚಂದಾದಾರ, ಮಂಗಳೂರು