ಕರುಳನ್ನೂ ಪರೀಕ್ಷಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಾನು ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವವನು. 14 ವರ್ಷಗಳಿಂದ ಒಂದು ಹೊತ್ತೂ ತಪ್ಪಿಸದೆ, ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ನುಂಗುತ್ತಿದ್ದೇನೆ. ನನ್ನ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ವರ್ಷಗಳೇ ಕಳೆದಿವೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಸಿಡಿ4 ಕಣಗಳ ಕಳೆದ ಬಾರಿಯ ಎಣಿಕೆ 612. ಈ ಎರಡು ಅಂಕಿಗಳ ಮೇಲೆ ಕಣ್ಣು ಹಾಯಿಸಿದ ಕೂಡಲೇ ವೈದ್ಯರು ಕಡತ ಮುಚ್ಚುತ್ತಾರೆ. ದಿನಕ್ಕೆ ಐದಾರು ಬಾರಿ ಭೇದಿಯಾಗುತ್ತಿದೆ, ಉಂಡ ಅರ್ಧ ಗಂಟೆಗೇ ಹೊಟ್ಟೆ ಉಬ್ಬರಿಸುತ್ತದೆ, ಒಂದೇ ವರ್ಷದಲ್ಲಿ 7 ಕಿಲೋ ತೂಕ ಇಳಿದಿದೆ ಎಂದು ನಾನು ಹೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿ ಆಗಿರುತ್ತದೆ. ಮೂರು ವರ್ಷ ಇದನ್ನು ಸಹಿಸಿಕೊಂಡೆ. ಇನ್ನು ಸಹಿಸಲಾರದೆ ಈ ಪತ್ರ ಬರೆಯುತ್ತಿದ್ದೇನೆ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಎಚ್‌ಐವಿ ಇರುವವರು ಹೊಟ್ಟೆಯ ತೊಂದರೆ ಹೇಳಿಕೊಂಡಾಗ, ತುರ್ತು ಸ್ಥಿತಿ ಇಲ್ಲದಿದ್ದರೆ, ಆಂಟಿಬಯಾಟಿಕ್ ಬರೆಯುವ ಮುನ್ನ ಮಲ ಪರೀಕ್ಷೆ ಮಾಡಿಸಬೇಕು. ಕರುಳಿನ ತಪಾಸಣೆ ಬೇಕೆನಿಸಿದಾಗ ಅದನ್ನು ಉಳಿದ ರೋಗಿಗಳಿಗೆ ಮಾಡುವಂತೆಯೇ ಸರದಿಯ ಪ್ರಕಾರ ಮಾಡಬೇಕು. ಹೀಗೆಂದು ತಾವು ಲಿಖಿತ ಆದೇಶ ಹೊರಡಿಸಬೇಕು.

ಕರುಳಿನ ಬಗ್ಗೆ ಇಷ್ಟು ಹಟವೇಕೆ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ರಕ್ತದಲ್ಲಿ ಹರಿಯುವ ಸಿಡಿ4 ಕಣಗಳು ದೇಹದಲ್ಲಿರುವ ಒಟ್ಟು ಸಿಡಿ4 ಕಣಗಳ ಒಂದು ಸಣ್ಣ ಪಾಲು ಮಾತ್ರ. ಬಹುದೊಡ್ಡ ಪಾಲು ಇರುವುದು ಕರುಳಿನ ಗೋಡೆಯಲ್ಲಿ ಮತ್ತು ದುಗ್ಧರಸ ಗ್ರಂಥಿಗಳಲ್ಲಿ. ಎಚ್‌ಐವಿಯ ಸೋದರ ವೈರಾಣುವಾದ ಎಸ್‌ಐವಿ ತಗುಲಿದ ಮಂಗಗಳಲ್ಲಿ ಕರುಳಿನ ಈ ಕಣಗಳು ಕೆಲವೇ ವಾರಗಳಲ್ಲಿ ಬರಿದಾಗುತ್ತವೆ ಎಂಬುದು 1998ರಲ್ಲೇ ಕಂಡುಬಂದಿತ್ತು. ಮನುಷ್ಯರಲ್ಲೂ ಆಗುವುದು ಹೀಗೆಯೇ ಎಂದು 2004ರಲ್ಲಿ, ಕರುಳಿನ ಚೂರು ತೆಗೆದು ನೋಡಿದ ಬಯಾಪ್ಸಿಗಳು ತೋರಿಸಿದವು. ಎಂದರೆ, ರಕ್ತದ ಎಣಿಕೆ ಇನ್ನೂ ನೆಟ್ಟಗಿರುವಾಗಲೇ ಕರುಳಿನಲ್ಲಿ ಕಾಳಗ ಅರ್ಧ ಮುಗಿದಿರುತ್ತದೆ. ನಾನು ಚಿಕಿತ್ಸೆ ಆರಂಭಿಸಿದ ಕಾಲದಲ್ಲಿ ಸಿಡಿ4 ಎಣಿಕೆ 350ಕ್ಕೆ ಇಳಿಯುವವರೆಗೆ ಮಾತ್ರೆ ಕೊಡದೆ ಕಾಯಿಸುವುದೇ ಪದ್ಧತಿಯಾಗಿತ್ತು. ಸೋಂಕು ಪತ್ತೆಯಾದ ಎಲ್ಲರಿಗೂ ಎಣಿಕೆ ಎಷ್ಟೇ ಇರಲಿ ಚಿಕಿತ್ಸೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಹಾಗೆ ಕಾದ ವರ್ಷಗಳ ಬೆಲೆಯನ್ನು ನನ್ನಂಥವರ ಕರುಳು ತೆತ್ತಿದೆ.

ಕರುಳಿನ ಒಳಪೊರೆಯ ದಪ್ಪ ಒಂದೇ ಒಂದು ಕೋಶದಷ್ಟು. ಅದರ ಆಚೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ, ಈಚೆ ರಕ್ತ ಹರಿಯುತ್ತಿದೆ. ಈ ಗಡಿಯನ್ನು ಕಾಯುವ, ಪೊರೆಯನ್ನು ರಿಪೇರಿ ಮಾಡಿಸುವ ಟಿಎಚ್17 ಎಂಬ ಸಿಡಿ4 ಕಣಗಳನ್ನೇ ಎಚ್‌ಐವಿ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತದೆ. ಕಾವಲು ಹೋದ ಮೇಲೆ ಪೊರೆ ಸೋರುತ್ತದೆ. ಬ್ಯಾಕ್ಟೀರಿಯಾಗಳ ಹೊರಕವಚದ ಚೂರಾದ ಲಿಪೊಪಾಲಿಸ್ಯಾಕರೈಡ್ ಎಚ್‌ಐವಿ ಇರುವವರ ರಕ್ತದಲ್ಲಿ ಹೆಚ್ಚಾಗಿ ಸಿಗುತ್ತದೆಂದೂ, ರೋಗನಿರೋಧಕ ವ್ಯವಸ್ಥೆ ಸದಾ ಕೆರಳಿರುವುದಕ್ಕೆ ಇದೊಂದು ಕಾರಣವೆಂದೂ ವಿಜ್ಞಾನಿಗಳಾದ ಬ್ರೆಂಚ್ಲಿ, ಡುಯೆಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಹೀಗೆ ಕೆರಳಿದ ಸಿಡಿ4 ಕಣಗಳೇ ವೈರಾಣುವಿಗೆ ಸುಲಭದ ತುತ್ತು. ಎಆರ್‌ಟಿ ವೈರಾಣುವನ್ನು ಕಟ್ಟಿಹಾಕುತ್ತದೆ. ಆ ಮಾತ್ರೆಗಳಿಂದಲೇ ನಾನು ಇಂದು ಬದುಕಿದ್ದೇನೆ, ಅದಕ್ಕೆ ನನ್ನ ಕೃತಜ್ಞತೆ ಸದಾ ಇರುತ್ತದೆ. ಆದರೆ ರಕ್ತದ ಎಣಿಕೆ ಏರಿದಷ್ಟು ಕರುಳಿನ ಎಣಿಕೆ ಏರುವುದಿಲ್ಲ, ಸೋರಿಕೆ ಅನೇಕರಲ್ಲಿ ಪೂರ್ತಿ ನಿಲ್ಲುವುದಿಲ್ಲ, ಒಳಗಿನ ಉರಿಯೂತ ಆರುವುದಿಲ್ಲ. ವೈರಾಣು ಹತೋಟಿಯಲ್ಲಿದ್ದರೂ ನಮ್ಮಲ್ಲಿ ಹೃದ್ರೋಗದ ಅಪಾಯ ಹೆಚ್ಚಿರುವುದಕ್ಕೆ ಈ ಉರಿಯೂತದ ನಂಟೂ ಇದೆ. ಹೀಗಿರುವಾಗ 612 ಎಂಬ ಅಂಕಿಯೊಂದನ್ನೇ ಹಿಡಿದು ನನ್ನನ್ನು ಮನೆಗೆ ಕಳಿಸುವುದು ಹೇಗೆ ಸರಿ?

ಇನ್ನು ಬ್ಯಾಕ್ಟೀರಿಯಾಗಳ ಮಾತು. ಎಚ್‌ಐವಿ ಇರುವವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯವೇ ತಗ್ಗಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ದೊಡ್ಡಕರುಳಿನ ಕೋಶಗಳಿಗೆ ಮುಖ್ಯ ಆಹಾರವಾದ ಬ್ಯುಟಿರೇಟನ್ನು ತಯಾರಿಸುವ ಬಗೆಗಳು ಕಡಿಮೆಯಾಗಿ, ಉರಿಯೂತ ಹೆಚ್ಚಿಸುವ ಬಗೆಗಳು ತಲೆಯೆತ್ತುತ್ತವೆ. ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾಗಳ ಮೇಲೆ ನನ್ನ ವೈದ್ಯರು ಒಂದೂವರೆ ವರ್ಷದಲ್ಲಿ ಐದು ಬಾರಿ ಆಂಟಿಬಯಾಟಿಕ್ ಪ್ರಯೋಗಿಸಿದ್ದಾರೆ. ಐದು ಚೀಟಿಗಳೂ ನನ್ನ ಬಳಿ ಇವೆ; ಮೂರರಲ್ಲಿ ಮೆಟ್ರೊನಿಡಜೋಲ್ ಇದೆ, ಒಂದರಲ್ಲೂ ಮಲ ಪರೀಕ್ಷೆ ಎಂಬ ಪದವಿಲ್ಲ. ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ ಬದುಕುವಂಥವು. ಮೆಟ್ರೊನಿಡಜೋಲ್ ಕೊಲ್ಲುವುದು ಅಂಥವನ್ನೇ. ನನ್ನ ಭೇದಿಗೆ ಕಾರಣ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಇರಬಹುದು. ಅದಕ್ಕೆ ಬೇರೆಯೇ ಬಣ್ಣ ಹಾಕಿ ನೋಡಬೇಕು, ಮಾಮೂಲಿ ಪರೀಕ್ಷೆಯಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ನಾನು ನುಂಗುವ ರಿಟೊನಾವಿರ್ ಎಂಬ ಔಷಧ ಸೇರಿದ ಮಾತ್ರೆಯೇ ಕಾರಣವಾಗಿರಬಹುದು. ಹಾಗಿದ್ದರೆ ಮಾತ್ರೆ ಬದಲಿಸುವ ಯೋಚನೆ ಮಾಡಬಹುದು. ಪರೀಕ್ಷಿಸದೆ ಇವುಗಳಲ್ಲಿ ಯಾವುದೆಂದು ತಿಳಿಯುವುದು ಹೇಗೆ, ಸ್ವಾಮಿ?

ಪವಾಡದ ಮದ್ದನ್ನು ನಾನು ಕೇಳುತ್ತಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಮದ್ದಾಗಿ ಕೊಡುವ ಪ್ರೊಬಯಾಟಿಕ್‌ಗಳ ಫಲಿತಾಂಶ ಒಂದೊಂದು ಅಧ್ಯಯನದಲ್ಲಿ ಒಂದೊಂದು ತೆರನಾಗಿದೆ, ಕರುಳಿನಲ್ಲೇ ಕೆಲಸ ಮಾಡುವ ಆಂಟಿಬಯಾಟಿಕ್ ಆದ ರಿಫಾಕ್ಸಿಮಿನ್‌ನಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ ಎಂಬುದನ್ನು ಬಲ್ಲೆ. ನಾನು ಕೇಳುತ್ತಿರುವುದು ಪರೀಕ್ಷೆಯನ್ನು, ಮತ್ತು ಸರದಿಯನ್ನು.

ಸರದಿ ಎಂದು ಏಕೆ ಮತ್ತೆ ಮತ್ತೆ ಹೇಳುತ್ತಿದ್ದೇನೆಂದರೆ, ಕಳೆದ ತಿಂಗಳು ನಡೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಎರಡು ಬಾರಿ ದಿನ ಮುಂದೂಡಿದ ಮೇಲೆ ಕೊಳವೆ ತೂರಿಸಿ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿಗೆ ಮೂರನೆಯ ದಿನಾಂಕ ಸಿಕ್ಕಿತ್ತು. ಹಿಂದಿನ ರಾತ್ರಿ ಭೇದಿಯ ಪುಡಿ ಕಲಸಿದ ನೀರನ್ನು ಲೀಟರ್‌ಗಟ್ಟಲೆ ಕುಡಿದು, ಮೊದಲೇ ಸೊರಗಿದ ಹೊಟ್ಟೆಯನ್ನು ಪೂರ್ತಿ ಖಾಲಿ ಮಾಡಿಕೊಂಡು, ಬೆಳಗ್ಗೆ ಏಳೂವರೆಗೆ ಹೋಗಿ ಕುಳಿತೆ. ನನ್ನ ಟೋಕನ್ ಸಂಖ್ಯೆ 3. ನಾಲ್ಕನೆಯವರು ಒಳಹೋದರು, ಒಂಬತ್ತನೆಯವರು ಹೋದರು, ಹದಿಮೂರನೆಯವರೂ ಹೋಗಿ ಬಂದರು. ನಡುವೆ ಎದ್ದು ಕೇಳಲು ಹೋದಾಗ ಮೇಜಿನ ಮೇಲಿದ್ದ ನನ್ನ ಕಡತ ಕಾಣಿಸಿತು: ಅದರ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ, ಹೆಬ್ಬೆರಳಿನಷ್ಟು ದಪ್ಪ ಅಕ್ಷರಗಳಲ್ಲಿ, ಎಚ್‌ಐವಿ ಎಂದು ಬರೆದು ವೃತ್ತ ಎಳೆದಿದ್ದರು. ಸರದಿಯಲ್ಲಿದ್ದವರೆಲ್ಲ ಅದನ್ನು ಓದಬಹುದಿತ್ತು. ಪಕ್ಕದಲ್ಲಿದ್ದ ಹೆಂಗಸು ಓದಿ, ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. ಸಂಜೆ ನಾಲ್ಕಕ್ಕೆ ಸಿಬ್ಬಂದಿಯೊಬ್ಬರು ಹೊರಬಂದು, "ನಿಮ್ಮದು ಮಾಡಿದರೆ ಆಮೇಲೆ ಎಲ್ಲ ಕ್ಲೀನ್ ಮಾಡಬೇಕಾಗುತ್ತೆ, ಇವತ್ತು ಟೈಮಿಲ್ಲ, ಇನ್ನೊಂದು ದಿನ ಬನ್ನಿ" ಎಂದರು. ಎದ್ದು ನಿಲ್ಲಲು ಹೋದಾಗ ಕಣ್ಣು ಕತ್ತಲೆಗಟ್ಟಿ, ಗೋಡೆ ಹಿಡಿದು ಕುಳಿತೆ.

ನಿಯಮ ತಮಗೆ ತಿಳಿದದ್ದೇ. ಯಾವ ರೋಗಿಯಲ್ಲಿ ಯಾವ ಸೋಂಕಿದೆಯೋ ತಿಳಿಯದಿರುವುದರಿಂದಲೇ ಮುಂಜಾಗ್ರತೆಯ ಕ್ರಮಗಳು ಪ್ರತಿಯೊಬ್ಬರಿಗೂ ಒಂದೇ. ನನಗೆ ಬಳಸಿದ ಎಂಡೋಸ್ಕೋಪ್ ಕೊಳವೆಯನ್ನು ತೊಳೆಯುವ ವಿಧಾನವೇ ಉಳಿದ ಎಲ್ಲರಿಗೆ ಬಳಸಿದ್ದಕ್ಕೂ. ನನ್ನ ನಂತರ ಎಲ್ಲ ಸ್ವಚ್ಛ ಮಾಡಬೇಕೆನ್ನುವವರು ಹದಿಮೂರನೆಯವರ ನಂತರ ಏನು ಮಾಡಿದರು? ಈ ಪ್ರಶ್ನೆಯನ್ನು ಅಲ್ಲಿ ಕೇಳಿದೆ, ಉತ್ತರ ಬರಲಿಲ್ಲ. ಲಿಖಿತ ದೂರು ಕೊಟ್ಟೆ, ಉತ್ತರ ಬರಲಿಲ್ಲ. ಅದಕ್ಕಾಗಿ ಈಗ ತಮ್ಮನ್ನೇ ಕೇಳುತ್ತಿದ್ದೇನೆ.

ಆದೇಶ ಹೊರಡಿಸಿ. ಆಂಟಿಬಯಾಟಿಕ್‌ಗೆ ಮುನ್ನ ಮಲ ಪರೀಕ್ಷೆ ಎಂದು ಬರೆಯಿರಿ, ತಪಾಸಣೆ ಸರದಿಯಂತೆ ಎಂದು ಬರೆಯಿರಿ, ಕಡತದ ರಟ್ಟಿನ ಮೇಲೆ ಯಾರ ಸೋಂಕನ್ನೂ ಬರೆಯಕೂಡದು ಎಂದು ಬರೆಯಿರಿ. ಚಿಕಿತ್ಸಾ ಕೇಂದ್ರದಲ್ಲಿ ನಮ್ಮ ತೂಕ, ವೈರಲ್ ಲೋಡ್ (ರಕ್ತದಲ್ಲಿನ ವೈರಾಣುವಿನ ಪ್ರಮಾಣ), ಸಿಡಿ4 ಬರೆಯುವ ಹಾಳೆಯಲ್ಲೇ ಹೊಟ್ಟೆ ಹೇಗಿದೆ ಎಂದು ಕೇಳಿ ಬರೆದುಕೊಳ್ಳಲು ಒಂದು ಸಾಲು ಸೇರಿಸಿ. ಇಷ್ಟಕ್ಕೆ ಸಮಿತಿ ಬೇಕಿಲ್ಲ, ತಮ್ಮ ಸಹಿಯೊಂದು ಸಾಕು.

ನನಗೆ ನಾಲ್ಕನೆಯ ದಿನಾಂಕ ಕೊಟ್ಟಿದ್ದಾರೆ, ಬರುವ ತಿಂಗಳ 9. ಹಿಂದಿನ ರಾತ್ರಿ ಮತ್ತೆ ಆ ಪುಡಿ ಕಲಸಿ ಕುಡಿಯುತ್ತೇನೆ, ಬೆಳಗ್ಗೆ ಏಳೂವರೆಗೆ ಹೋಗಿ ಕೂರುತ್ತೇನೆ. ಅಷ್ಟರೊಳಗೆ ತಮ್ಮ ಆದೇಶ ಆ ಮೇಜನ್ನು ತಲುಪಿರಲಿ.

ಇಂತಿ,
14 ವರ್ಷಗಳಿಂದ ಎಆರ್‌ಟಿ ಪಡೆಯುತ್ತಿರುವ ಒಬ್ಬ ನಾಗರಿಕ