‘ಹಸು’ ಮತ್ತು ‘ಎತ್ತು’ ಬಳಸುವಾಗ

ಮಾನ್ಯ ಸಂಪಾದಕರೇ,

ಸುದ್ದಿಬರಹಗಳಲ್ಲಿ ಎತ್ತು, ಹೋರಿ, ಗೂಳಿ ಮೂರನ್ನೂ ಒಂದೇ ಎಂಬಂತೆ ಬಳಸುವುದು ಹೆಚ್ಚುತ್ತಿದೆ. ಬೀಜ ಒಡೆಸಿ ದುಡಿಮೆಗೆ ಪಳಗಿಸಿದ್ದು ಎತ್ತು. ಬೀಜ ಒಡೆಸದೆ ತಳಿಗಾಗಿ ಉಳಿಸಿಕೊಂಡದ್ದು ಗೂಳಿ. ಪ್ರಾಯದ ಗಂಡು ಹೋರಿ. ‘ಗೂಳಿ ಜೋಡಿ ನೇಗಿಲು ಎಳೆಯಿತು’ ಎಂದು ಬರೆದರೆ ದನ ಸಾಕುವವರು ನಗುತ್ತಾರೆ. ಕರು ಹಾಕದ ಎಳೆಯ ಹೆಣ್ಣು ಕಡಸು. ಅದನ್ನು ಹಸು ಎಂದು ಬರೆದರೆ ಹಾಲಿನ ಲೆಕ್ಕವೇ ತಪ್ಪುತ್ತದೆ. ಗಬ್ಬ ನಿಲ್ಲದ್ದು ಗೊಡ್ಡು.

ಮೂಲದ ವಿಚಾರ ಇನ್ನೂ ಸ್ವಾರಸ್ಯಕರ. ‘ಹಸು’ ಸಂಸ್ಕೃತದ ‘ಪಶು’ವಿನ ತದ್ಭವ, ಪಕಾರ ಹಕಾರವಾಗಿ ಪಸು ಹಸುವಾಯಿತು. ಸಂಸ್ಕೃತದಲ್ಲಿ ಪಶು ಎಂದರೆ ಯಾವ ಸಾಕುಪ್ರಾಣಿಯೂ ಆಗಬಹುದು. ಕನ್ನಡದಲ್ಲಿ ಅರ್ಥ ಒಂದೇ ಪ್ರಾಣಿಗೆ ಕುಗ್ಗಿತು. ದ್ರಾವಿಡ ಪದ ಬೇಕೆಂದರೆ ಹಳಗನ್ನಡದ ‘ಆ’, ‘ಆವು’ ಇವೆ. ತಮಿಳಿನ ‘ಆ’, ತೆಲುಗಿನ ‘ಆವು’ ಇವುಗಳ ಬಳಗವೇ. ಎತ್ತು ಕೂಡ ದ್ರಾವಿಡದ್ದೇ, ತಮಿಳಿನ ‘ಎರುದು’ ಅದರ ನಂಟ. ಎಮ್ಮೆಗೆ ‘ಎರುಮೈ’ ಹಾಗೆಯೇ.

‘ಗೋ’ ಶಬ್ದಕ್ಕೆ ಸಂಸ್ಕೃತದಲ್ಲಿ ಹಸುವಷ್ಟೇ ಅಲ್ಲ, ಎತ್ತು, ಭೂಮಿ, ಮಾತು, ಕಿರಣ ಎಂಬ ಅರ್ಥಗಳೂ ಇವೆ. ಇಂಗ್ಲಿಷಿನ ‘ಕೌ’ ಅದೇ ಇಂಡೋ-ಯುರೋಪಿಯನ್ ಬೇರಿನದು. ದನದ ಕೊಟ್ಟಿಗೆಗಿದ್ದ ‘ಗೋಷ್ಠ’ದಿಂದಲೇ ಇಂದಿನ ವಿಚಾರಗೋಷ್ಠಿ ಹುಟ್ಟಿದ್ದು ಎಂಬುದನ್ನು ಸಭಿಕರು ಮರೆತಂತಿದೆ! ಹಸುಗಳ ಹುಡುಕಾಟ ‘ಗವೇಷಣೆ’ ಸಂಶೋಧನೆಯಾಯಿತು.

ಸಮಾನಾರ್ಥಕಗಳಲ್ಲಿ ಆಕಳು ದಿನಬಳಕೆಗೆ ಸರಿ; ಧೇನು, ಸುರಭಿ ಕಾವ್ಯಕ್ಕೆ ಒಪ್ಪುತ್ತವೆ. ‘ದನ’ ಹೆಣ್ಣು, ಗಂಡು ಎರಡಕ್ಕೂ ಸಲ್ಲುವುದರಿಂದ, ಲಿಂಗ ತಿಳಿಯದ ವರದಿಯಲ್ಲಿ ಅದನ್ನೇ ಬಳಸಿ.

ಇಂತಿ,
ಓದುಗ