ಶನಿವಾರ ವಾಡಾದಲ್ಲಿ ಸಿಕ್ಕ ಹಿರಿಯರಿಗೆ

ಪುಣೆಯ ಹಳೇ ಅರಮನೆ ಶನಿವಾರ ವಾಡಾ ಮುಂದೆ ನಮ್ಮ ಮಾತು ಕೇಳಿ "ಯಾವ ಊರ್ರೀ ನಿಮ್ದು?" ಎಂದು ಹತ್ತಿರ ಬಂದ ಹಿರಿಯರೇ, ನಿಮಗೆ ಮನಸಾರೆ ಧನ್ಯವಾದ. ದಿಲ್ಲಿ ದರವಾಜೆಯ ಚೂಪು ಮೊಳೆಗಳು ಆನೆಗಳನ್ನು ತಡೆಯಲು ಎಂದು ನೀವು ಹೇಳಿದಿರಿ. ಆಮೇಲೆ ಮಗಳು ಆ ಬಾಗಿಲು ಬಿಟ್ಟು ಕದಲಲೇ ಇಲ್ಲ! ಮರಾಠರ ಪೇಶ್ವೆ ಒಂದನೇ ಬಾಜೀರಾಯರು 1732ರಲ್ಲಿ ಕಟ್ಟಿ ಮುಗಿಸಿದ ವಾಡೆ 1828ರ ಬೆಂಕಿಗೆ ಸಿಕ್ಕಿ, ಈಗ ಒಳಗೆ ಉಳಿದಿರುವುದು ಹೆಚ್ಚಾಗಿ ಅಡಿಪಾಯವೇ. ಸುಮ್ನೆ ನೋಡಿದರೆ ಬರೀ ಕಲ್ಲು, ಅಲ್ವಾ? ನೀವು ಜೊತೆಗೆ ನಡೆದು ವಿವರಿಸಿದ್ದಕ್ಕೆ ಅರಮನೆ ಕಣ್ಣಿಗೆ ಕಟ್ಟಿತು.

ಅಮ್ಮನ ಮಂಡಿನೋವು ಗಮನಿಸಿ ಕೇಳಕರ್ ಮ್ಯೂಸಿಯಂಗೆ ಆಟೋ ಮಾಡಿಕೊಟ್ಟಿರಿ. ಅಲ್ಲಿನ ಹಳೇ ದೀಪ, ಅಡಕತ್ತರಿ ನೋಡಿ ಅಮ್ಮ ತವರಿನ ಕತೆ ಹೇಳುತ್ತಲೇ ಇದ್ದರು. ನಿಮ್ಮ ಹೆಸರು ಕೇಳುವಷ್ಟರಲ್ಲಿ ಆಟೋ ಹೊರಟುಬಿಟ್ಟಿತ್ತು. ಧಾರವಾಡದ ಕಡೆ ಬಂದರೆ ಊಟಕ್ಕೆ ನಮ್ಮ ಮನೆಗೇ ಬರಬೇಕು.